ತಾಮ್ರದ ತಗಡಿನ ತಂಟೆ: 18ನೇ ಶತಮಾನದ ಬ್ರಿಟಿಷ್ ವ್ಯಂಗ್ಯಚಿತ್ರಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಚಿತ್ರಗಳನ್ನು ಯಾರಿಗೆ ತೋರಿಸಿದರೂ ಮೊದಲು ನಗು, ಆಮೇಲೆ ಅವೇ ಪ್ರಶ್ನೆಗಳು. ಇದೇನು ರಾಜನನ್ನೇ ಹೀಗೆ ಬರೆದಿದ್ದಾರೆ, ಜೈಲಿಗೆ ಹಾಕಲಿಲ್ವಾ, ಯಾರು ದುಡ್ಡು ಕೊಟ್ಟರು, ನಮ್ಮ ಟಿಪ್ಪು ಇಲ್ಲೇನು ಮಾಡ್ತಿದ್ದಾನೆ... ಉತ್ತರ ಹೇಳಿ ಹೇಳಿ ಸಾಕಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ.

ಇವು ಪೇಪರಿನಲ್ಲಿ ಬರುತ್ತಿದ್ದ ಕಾರ್ಟೂನುಗಳಾ?

ಅಲ್ಲ. ಇವು ಬಿಡಿ ಹಾಳೆಗಳು. ಅಂಗಡಿಗೆ ಹೋಗಿ, ದುಡ್ಡು ಕೊಟ್ಟು, ಸುರುಳಿ ಸುತ್ತಿಸಿಕೊಂಡು ಮನೆಗೆ ತರುವ ಸರಕು. ಅಳತೆ ಹೆಚ್ಚುಕಮ್ಮಿ ಒಂದು ಅಡಿ ಉದ್ದ, ಮುಕ್ಕಾಲು ಅಡಿ ಅಗಲ. ಆ ಕಾಲದ ಲಂಡನ್ನಿನ ದಿನಪತ್ರಿಕೆ ಅಂದರೆ ಇರುವೆ ಸಾಲಿನಂಥ ಅಕ್ಷರ, ಅಷ್ಟೆ. ಕೆಲವು ಮಾಸಪತ್ರಿಕೆಗಳು ಆಗೊಮ್ಮೆ ಈಗೊಮ್ಮೆ ಒಂದು ಚಿತ್ರ ಸೇರಿಸುತ್ತಿದ್ದವು. ಬಿಸಿಬಿಸಿ ಗೇಲಿ ಬೇಕೆಂದರೆ ಪ್ರಿಂಟ್ ಅಂಗಡಿಗೇ ಹೋಗಬೇಕಿತ್ತು.

'ಕಾರ್ಟೂನ್' ಅನ್ನೋ ಪದಕ್ಕೆ ಈಗಿನ ಅರ್ಥ ಬಂದದ್ದು 1843ರಲ್ಲಿ, ಲಂಡನ್ನಿನ ಪಂಚ್ ಅನ್ನೋ ಹಾಸ್ಯ ಪತ್ರಿಕೆಯಿಂದ. ಅದಕ್ಕೂ ಮುಂಚೆ ಇದ್ದದ್ದು 'ಕ್ಯಾರಿಕೇಚರ್'. ಇಟಲಿಯ ಮಾತಿನಲ್ಲಿ 'ಕರಿಕಾರೆ' ಅಂದರೆ ಹೇರು, ಭಾರ ತುಂಬು. ಗಾಡಿಗೆ ಮೂಟೆ ಹೇರಿದ ಹಾಗೆ ಮುಖದ ಮೇಲೆ ಹೇರೋದು. ಮೂಗು ಉದ್ದ ಇದ್ದರೆ ಇನ್ನೊಂದು ಗೇಣು ಎಳೆಯೋದು.

ಶುರು ಮಾಡಿದ್ದು ಹೊಗಾರ್ತ್ ಅಲ್ವಾ?

ಹೌದೂ ಹೌದು, ಅಲ್ಲವೂ ಹೌದು. ಇಂಗ್ಲೆಂಡಿನ ಚಿತ್ರಕಾರ ವಿಲಿಯಂ ಹೊಗಾರ್ತ್ ತನ್ನನ್ನು ಕ್ಯಾರಿಕೇಚರ್ ಬರೆಯುವವನು ಅಂದರೆ ಸಿಡಿಮಿಡಿಗೊಳ್ಳುತ್ತಿದ್ದ. ನಾನು ಬರೆಯೋದು ಮನುಷ್ಯನ ಸ್ವಭಾವ, ಸೊಟ್ಟ ಮೂತಿಯಲ್ಲ ಅನ್ನೋದು ಅವನ ವಾದ. ಅದನ್ನು ಸಾಧಿಸಲಿಕ್ಕೇ 1743ರಲ್ಲಿ ಸುಮಾರು ನೂರು ಮುಖ ತುಂಬಿದ ಒಂದು ಚಿತ್ರ ಮಾಡಿದ. ಆದರೆ 1763ರಲ್ಲಿ ಪಾರ್ಲಿಮೆಂಟ್ ಸದಸ್ಯ, ಪತ್ರಕರ್ತ ಜಾನ್ ವಿಲ್ಕ್ಸ್ ಜೊತೆ ಜಗಳ ಬಿದ್ದಾಗ ಈ ತತ್ವವೆಲ್ಲ ಗಾಳಿಗೆ ಹೋಯಿತು. ವಿಲ್ಕ್ಸನ ಮೆಳ್ಳಗಣ್ಣು, ಹಲ್ಲು ಕಿರಿದ ನಗು, ಕೊಂಬಿನ ಹಾಗೆ ಎದ್ದು ನಿಂತ ವಿಗ್, ಒಂದನ್ನೂ ಬಿಡಲಿಲ್ಲ. ಕೆಲವೇ ವಾರಗಳಲ್ಲಿ ಹತ್ತಿರ ಹತ್ತಿರ 4,000 ಪ್ರತಿ ಖರ್ಚಾಯಿತು. ವಿಲ್ಕ್ಸ್ ಕೂಡ ಕಿಲಾಡಿಯೇ. ದಿನ ಕಳೆದಂತೆ ನಾನು ಆ ಚಿತ್ರದ ಹಾಗೇ ಆಗ್ತಾ ಇದ್ದೀನಿ ಅಂತ ತಾನೇ ನಗುತ್ತಿದ್ದನಂತೆ.

ಹೊಗಾರ್ತ್ ಮಾಡಿಕೊಟ್ಟ ದೊಡ್ಡ ಉಪಕಾರ ಬೇರೆಯದು. ಚಿತ್ರ ಹೊರಬಂದ ಮರುದಿನವೇ ಕಳ್ಳಪ್ರತಿ ಮಾಡಿ ಮಾರುವವರ ಕಾಟ ತಡೆಯಲಾರದೆ, 1735ರಲ್ಲಿ ಪಾರ್ಲಿಮೆಂಟಿನಿಂದ ಕಾನೂನೇ ಮಾಡಿಸಿದ. ಕೆತ್ತಿದವನಿಗೆ 14 ವರ್ಷ ಹಕ್ಕು. ಹಳೆಯ ಪ್ರಿಂಟುಗಳ ಕೆಳಗೆ ಪ್ರಕಟಿಸಿದವರ ಹೆಸರು, ಅಂಗಡಿಯ ವಿಳಾಸ, ತಾರೀಖು ಇರುತ್ತಲ್ಲ, ಅದು ಈ ಕಾನೂನಿನ ದೆಸೆಯಿಂದ. ಇವತ್ತು ನಾವು ಯಾವ ಚಿತ್ರ ಯಾವ ದಿನ ಬಂತು ಅಂತ ಕರಾರುವಾಕ್ಕಾಗಿ ಹೇಳೋದು ಆ ಒಂದು ಸಾಲು ನೋಡಿಕೊಂಡೇ.

ಆಮೇಲೆ ಯಾರ್ಯಾರು?

1750ರ ದಶಕದಲ್ಲಿ ಜಾರ್ಜ್ ಟೌನ್‌ಶೆಂಡ್ ಅನ್ನೋ ದೊಡ್ಡ ಮನೆತನದ ಸೈನ್ಯಾಧಿಕಾರಿ, ಕಾರ್ಡಿನಷ್ಟು ಚಿಕ್ಕ ಚಿತ್ರಗಳಲ್ಲಿ ಮಂತ್ರಿಗಳ ಮೂತಿ ಬರೆದು ಹಂಚಿದ. ಕೆನಡಾದ ಕ್ವಿಬೆಕ್ ಯುದ್ಧಕ್ಕೆ ಹೋದಾಗ ತನ್ನ ಮೇಲಧಿಕಾರಿ ವುಲ್ಫನನ್ನೇ ಗೇಲಿ ಮಾಡಿ ಬರೆದ ಮಹಾನುಭಾವ. ಅವನ ಚಿತ್ರಗಳನ್ನು ಅಚ್ಚು ಹಾಕಿ ಮಾರಿದವರು ಮ್ಯಾಥ್ಯೂ ಮತ್ತು ಮೇರಿ ಡಾರ್ಲಿ ದಂಪತಿ. 1780ರ ನಂತರ ಜೇಮ್ಸ್ ಸೇಯರ್ಸ್, ಥಾಮಸ್ ರೋಲ್ಯಾಂಡ್‌ಸನ್, ಐಸಾಕ್ ಕ್ರೂಕ್‌ಶ್ಯಾಂಕ್, 21ನೇ ವಯಸ್ಸಿಗೇ ತೀರಿಕೊಂಡ ರಿಚರ್ಡ್ ನ್ಯೂಟನ್. ಎಲ್ಲರ ತಲೆಯ ಮೇಲೆ ಕೂತವನು ಜೇಮ್ಸ್ ಗಿಲ್‌ರೇ. ನನ್ನ ಕೇಳಿದರೆ ಗಿಲ್‌ರೇ ಒಂದು ತೂಕ, ಉಳಿದವರೆಲ್ಲ ಸೇರಿ ಒಂದು ತೂಕ. ರೋಲ್ಯಾಂಡ್‌ಸನ್ ಗೆರೆ ಚೆಂದ, ನೀರು ಹರಿದ ಹಾಗೆ ಹರಿಯುತ್ತೆ, ಆದರೆ ಅವನಿಗೆ ಯಾರ ಮೇಲೂ ಸಿಟ್ಟಿಲ್ಲ. ಗಿಲ್‌ರೇಗೆ ಎಲ್ಲರ ಮೇಲೂ ಸಿಟ್ಟು.

ಇದನ್ನು ತಯಾರು ಮಾಡೋದು ಹೇಗೆ?

ನಯವಾದ ತಾಮ್ರದ ತಗಡು ತಗೊಂಡು ಅದರ ಮೇಲೆ ಮೇಣದ ತೆಳುವಾದ ಲೇಪ ಹಚ್ಚುತ್ತಾರೆ. ಸೂಜಿಯಂಥ ಮೊನೆಯಿಂದ ಆ ಮೇಣವನ್ನು ಗೀರುತ್ತಾ ಚಿತ್ರ ಬರೆಯಬೇಕು. ಆಮೇಲೆ ತಗಡಿಗೆ ನೈಟ್ರಿಕ್ ಆಸಿಡ್. ಮೇಣ ಇದ್ದ ಕಡೆ ಆಸಿಡ್ ಮುಟ್ಟಲ್ಲ, ಗೀರಿದ ಕಡೆ ಮಾತ್ರ ತಾಮ್ರವನ್ನು ತಿನ್ನುತ್ತೆ. ಮೇಣ ತೆಗೆದು, ಆ ಸಣ್ಣ ಕಾಲುವೆಗಳೊಳಗೆ ಮಸಿ ತುಂಬಿ, ಮೇಲ್ಮೈಯನ್ನು ಒರೆಸಿ, ಒದ್ದೆ ಕಾಗದ ಇಟ್ಟು ಪ್ರೆಸ್ಸಿನ ಉರುಳೆಯಡಿ ಎಳೆದರೆ ಒಂದು ಪ್ರತಿ ಸಿದ್ಧ. ಪ್ರತಿ ಸಲವೂ ಇದೇ ಕೆಲಸ: ಮಸಿ ಹಚ್ಚು, ಒರೆಸು, ಎಳೆ.

ಒಂದು ತಮಾಷೆ ಏನಂದ್ರೆ ತಗಡಿನ ಮೇಲೆ ಎಲ್ಲವನ್ನೂ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಾ ಮುರುಗಾ ಬರೆಯಬೇಕು. ಗಿಲ್‌ರೇ ಚಿತ್ರಗಳಲ್ಲಿ ಬಾಯಿಂದ ಹೊರಡುವ ಮಾತಿನ ಗುಳ್ಳೆಗಳು, ನೆಲದ ಮೇಲೆ ಬಿದ್ದ ಕಾಗದಗಳು, ಗೋಡೆಯ ಫಲಕಗಳು, ಎಲ್ಲದರ ಮೇಲೂ ಅಕ್ಷರ. ಅಷ್ಟನ್ನೂ ಉಲ್ಟಾ ಬರೆದವನು. ಅವನು ಚಿಕ್ಕಂದಿನಲ್ಲಿ ಕಲಿತ ಕಸುಬೇ ಅಕ್ಷರ ಕೆತ್ತೋದು, ಅದು ಇಲ್ಲಿ ಕೈಹಿಡಿಯಿತು.

ತಾಮ್ರ ಮೆದು. ಪ್ರೆಸ್ಸಿನಡಿ ಸಿಕ್ಕಿ ಸಿಕ್ಕಿ ಗೆರೆ ಸವೆಯುತ್ತೆ. ಹಾಗಾಗಿ ಸಾಮಾನ್ಯವಾಗಿ ನೂರಾರು, ಸಾವಿರ ಚಿಲ್ಲರೆ ಒಳ್ಳೆ ಪ್ರತಿ, ಆಮೇಲೆ ಬರೋದು ಮಸುಕು. ಬಣ್ಣ ಅಚ್ಚಿನಲ್ಲಿ ಬರೋದಲ್ಲ, ಒಂದೊಂದು ಹಾಳೆಗೂ ಕೈಯಿಂದಲೇ ನೀರುಬಣ್ಣ ಹಚ್ಚುತ್ತಿದ್ದರು. ಅದಕ್ಕೇ ಒಂದೇ ಚಿತ್ರದ ಒಂದು ಪ್ರತಿಯಲ್ಲಿ ಕೋಟು ಹಸಿರು, ಇನ್ನೊಂದರಲ್ಲಿ ನೀಲಿ.

ಬೆಲೆ ಎಷ್ಟು? ಬಡವರಿಗೆ ಸಿಗುತ್ತಿತ್ತಾ?

ಸಾದಾ ಪ್ರತಿಗೆ ಆರು ಪೆನ್ಸ್, ಬಣ್ಣದ್ದಕ್ಕೆ ಒಂದು ಶಿಲಿಂಗ್, ದೊಡ್ಡದಕ್ಕೆ ಇನ್ನೂ ಜಾಸ್ತಿ. ಲಂಡನ್ನಿನಲ್ಲಿ ಕೂಲಿಯವನ ದಿನಗೂಲಿ ಎರಡು ಶಿಲಿಂಗ್ ಆಸುಪಾಸು. ಅರ್ಧ ದಿನದ ಕೂಲಿ ಕೊಟ್ಟು ಮಂತ್ರಿಯ ಸೊಟ್ಟ ಮೂತಿ ಕೊಳ್ಳೋದು ಯಾರು? ಕೊಳ್ಳುತ್ತಿದ್ದವರು ಉಳ್ಳವರು. ಪಾರ್ಲಿಮೆಂಟ್ ಸದಸ್ಯರು, ವಕೀಲರು, ವ್ಯಾಪಾರಿಗಳು, ಕೆಲವು ಸಲ ಚಿತ್ರದಲ್ಲಿ ಬೈಸಿಕೊಂಡವರೇ. ವೇಲ್ಸ್ ರಾಜಕುಮಾರ, ಅಂದರೆ ರಾಜನ ಹಿರಿಮಗ, ತನ್ನ ಮಾನ ತೆಗೆದ ಚಿತ್ರಗಳನ್ನೂ ಸೇರಿಸಿ ಕಂತೆಗಟ್ಟಲೆ ಕೊಂಡವನು.

ನೋಡೋದಕ್ಕೆ ಮಾತ್ರ ಕಾಸು ಬೇಕಿರಲಿಲ್ಲ. ಅಂಗಡಿಯ ಕಿಟಕಿಯ ಒಂದೊಂದು ಗಾಜಿಗೂ ಒಂದೊಂದು ಚಿತ್ರ ತೂಗುಹಾಕುತ್ತಿದ್ದರು. ಬೀದಿಯಲ್ಲಿ ಜನ ಜಮಾಯಿಸಿ, ಒಬ್ಬ ಓದಿ ಹೇಳಿದರೆ ಹತ್ತು ಜನ ನಗೋದು. ಗಿಲ್‌ರೇಯ 1808ರ ಒಂದು ಚಿತ್ರದಲ್ಲಿ ಇದು ಕಣ್ಣಿಗೆ ಕಟ್ಟಿದ ಹಾಗಿದೆ. ಮುಂದೆ ಒಬ್ಬ ಮುದುಕಪ್ಪ ಮಂಜಿನಲ್ಲಿ ಕಾಲು ಜಾರಿ ಅಂಗಾತ ಬಿದ್ದಿದ್ದಾನೆ, ಹಿಂದೆ ಅಂಗಡಿಯ ಕಿಟಕಿಗೆ ಮೂಗು ಒತ್ತಿ ನಿಂತ ಜನಕ್ಕೆ ಅವನ ಕಡೆ ತಿರುಗಿ ನೋಡಲೂ ಪುರಸೊತ್ತಿಲ್ಲ. ಆ ಕಿಟಕಿಯಲ್ಲಿ ತೂಗುತ್ತಿರುವುದು ಗಿಲ್‌ರೇಯ ಚಿತ್ರಗಳೇ. ಬಿಟ್ಟಿ ಜಾಹೀರಾತು!

ಇನ್ನೊಂದು ವ್ಯವಸ್ಥೆ ಇತ್ತು. ಮನೆಗೆ ನೆಂಟರು ಬರ್ತಾರೆ ಅಂದರೆ ಚಿತ್ರಗಳ ಆಲ್ಬಮ್ಮನ್ನು ಒಂದು ಸಂಜೆಗೆ ಬಾಡಿಗೆ ತರಬಹುದಿತ್ತು. ಪಿಕಡಿಲಿಯ ಫೋರ್ಸ್ ಅಂಗಡಿ ಈ ಬಾಡಿಗೆ ಧಂಧೆಗೆ ಹೆಸರಾಗಿತ್ತು. ಮದುವೆ ಕ್ಯಾಸೆಟ್ ತಂದು ನೋಡುತ್ತಿದ್ದೆವಲ್ಲ, ಹಾಗೆ.

ಅಂಗಡಿ ನಡೆಸುತ್ತಿದ್ದವರು ಹೆಂಗಸರು ಅಂತ ಕೇಳಿದ್ದೇನೆ, ನಿಜವಾ?

ನಿಜ. ಮೇರಿ ಡಾರ್ಲಿ ಬರೀ ಮಾರುತ್ತಿರಲಿಲ್ಲ, ತಾನೇ ಕೆತ್ತುತ್ತಿದ್ದಳು. ಕ್ಯಾರಿಕೇಚರ್ ಬರೆಯೋದು ಹೇಗೆ ಅಂತ 1762ರಲ್ಲಿ ಒಂದು ಪುಸ್ತಕವನ್ನೇ ಹೊರತಂದಳು. ಇನ್ನೊಬ್ಬಳು ಹನ್ನಾ ಹಂಫ್ರಿ, ಗಿಲ್‌ರೇಯ ಪ್ರಕಾಶಕಿ. ಗಿಲ್‌ರೇ ಅವಳ ಅಂಗಡಿಯ ಮೇಲಿನ ಮಹಡಿಯಲ್ಲೇ ವಾಸ. 1797ರಿಂದ ಆ ಅಂಗಡಿ ಸೇಂಟ್ ಜೇಮ್ಸ್ ಬೀದಿಯ 27ನೇ ನಂಬರ್. ಅರಮನೆ ಅಲ್ಲೇ ಬೀದಿಯ ತುದಿಗೆ, ರಾಜಕಾರಣಿಗಳ ಕ್ಲಬ್ಬುಗಳು ಅಲ್ಲೇ ಅಕ್ಕಪಕ್ಕ. ಬೈಸಿಕೊಳ್ಳುವವರು ದಿನಾ ಅಂಗಡಿ ಮುಂದೆಯೇ ಹಾದು ಹೋಗುವ ಜಾಗ. ಅವರ ಮುಖ, ನಡಿಗೆ, ಹೊಟ್ಟೆ ಎಲ್ಲವನ್ನೂ ಕೂತಲ್ಲೇ ನೋಡಬಹುದು. ಗಿಲ್‌ರೇ, ಹಂಫ್ರಿ ಇಬ್ಬರೂ ಮದುವೆಯಾಗಲಿಲ್ಲ. ಒಮ್ಮೆ ಮದುವೆಗೆಂದು ಚರ್ಚಿನ ಬಾಗಿಲ ತನಕ ಹೋಗಿ, ಬೇಡ ಬಿಡು ಈಗಿರೋದೇ ಚೆನ್ನಾಗಿದೆ ಅಂತ ವಾಪಸ್ ಬಂದರು ಅನ್ನೋ ಕಥೆ ಇದೆ. ಕಥೆ ಅಂತಲೇ ಇಟ್ಟುಕೊಳ್ಳಿ.

ರಾಜನನ್ನು, ಮಂತ್ರಿಯನ್ನು ಹೀಗೆಲ್ಲ ಬರೆದರೂ ಜೈಲಿಗೆ ಯಾಕೆ ಹಾಕಲಿಲ್ಲ?

ಜಾಸ್ತಿ ಬರುವ ಪ್ರಶ್ನೆ ಇದೇ. ಅಚ್ಚಿಗೆ ಮೊದಲು ಸರ್ಕಾರದ ಒಪ್ಪಿಗೆ ಬೇಕು ಅನ್ನೋ ಕಾನೂನು 1695ರಲ್ಲೇ ಬಿದ್ದುಹೋಗಿತ್ತು. 1737ರಲ್ಲಿ ನಾಟಕಕ್ಕೆ ಸೆನ್ಸಾರ್ ಬಂತು, ಚಿತ್ರಕ್ಕೆ ಬರಲಿಲ್ಲ. ಆದರೂ ಮಾನಹಾನಿ, ರಾಜದ್ರೋಹದ ಕೇಸು ಹಾಕಬಹುದಿತ್ತು. ಹಾಕಿದರೆ ಏನಾಗುತ್ತೆ ಯೋಚನೆ ಮಾಡಿ. ಕೋರ್ಟಿನಲ್ಲಿ ಚಿತ್ರದ ಅರ್ಥವನ್ನು ಮಾತಿನಲ್ಲಿ ಬಿಡಿಸಿ ಹೇಳಬೇಕು. 'ಸ್ವಾಮೀ, ಅಲ್ಲಿ ಅರಮನೆ ಬಾಗಿಲಿಗೆ ಅಡ್ಡವಾಗಿ ಕುಂಡೆ ತೋರಿಸಿ ನಿಂತಿರುವುದು ನಮ್ಮ ಪ್ರಧಾನಮಂತ್ರಿಗಳು' ಅಂತ ಸರ್ಕಾರಿ ವಕೀಲನೇ ಹೇಳಬೇಕು. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. 1740ರ ಒಂದು ಚಿತ್ರದಲ್ಲಿ ಪ್ರಧಾನಿ ರಾಬರ್ಟ್ ವಾಲ್‌ಪೋಲ್ ಇರೋದೇ ಹಾಗೆ. ಕೆಲಸ ಬೇಕಾದವರು ಮುತ್ತು ಕೊಟ್ಟು ಒಳಗೆ ಹೋಗಬೇಕು. ಮುಖ ಕಾಣಲ್ಲ, ಹೆಸರಿಲ್ಲ. ಯಾರು ಅಂತ ಎಲ್ಲರಿಗೂ ಗೊತ್ತು.

ಹೆಸರು ಬರೆಯಲೇಬೇಕಾದರೆ ಮೊದಲ ಅಕ್ಷರ, ಕೊನೆಯ ಅಕ್ಷರ, ನಡುವೆ ಗೆರೆ. ಇಲ್ಲವೇ ಪದದ ಆಟ. ಲಾರ್ಡ್ ಬ್ಯೂಟ್ ಅನ್ನೋ ಪ್ರಧಾನಿಯನ್ನು ಬರೆಯಬೇಕಾದಾಗಲೆಲ್ಲ ಒಂದು ಬೂಟು ಬರೆದರು, ಯಾಕೆಂದರೆ ಉಚ್ಚಾರ ಹತ್ತಿರ. ರಾಜನ ತಾಯಿಗೂ ಅವನಿಗೂ ಗೆಳೆತನ ಅಂತ ಗುಸುಗುಸು ಇತ್ತು, ಅವಳಿಗೊಂದು ಲಂಗ. ಬೂಟು, ಲಂಗ. 1760ರ ದಶಕದ ಜನಕ್ಕೆ ಅಷ್ಟು ಸಾಕಿತ್ತು.

ಹಾಗಂತ ಪೂರ್ತಿ ನಿರಾತಂಕ ಏನಿರಲಿಲ್ಲ. ಫ್ರೆಂಚ್ ಕ್ರಾಂತಿಯ ನಂತರ ಸರ್ಕಾರಕ್ಕೆ ಹೆದರಿಕೆ ಹಿಡಿಯಿತು. ವಿಲಿಯಂ ಹಾಲೆಂಡ್ ಅನ್ನೋ ಪ್ರಿಂಟ್ ವ್ಯಾಪಾರಿ 1793ರಲ್ಲಿ ಜೈಲಿಗೆ ಹೋದ. ಆದರೆ ಗಮನಿಸಿ, ಚಿತ್ರಕ್ಕಲ್ಲ, ಕ್ರಾಂತಿಯ ಪರ ಬರೆಯುತ್ತಿದ್ದ ಥಾಮಸ್ ಪೇನ್ ಬರೆದದ್ದನ್ನು ಮಾರಿದ್ದಕ್ಕೆ. 1798ರಲ್ಲಿ ನ್ಯೂಟನ್ ಬರೆದ ಚಿತ್ರದಲ್ಲಿ ಜಾನ್ ಬುಲ್, ಅಂದರೆ ಇಂಗ್ಲೆಂಡಿನ ಸಾಮಾನ್ಯ ಪ್ರಜೆ, ಗೋಡೆಗೆ ಅಂಟಿಸಿದ ರಾಜನ ಮುಖಕ್ಕೆ ಸರಿಯಾಗಿ ಹೂಸು ಬಿಡುತ್ತಾನೆ. ಪಕ್ಕದಲ್ಲಿ ಪ್ರಧಾನಿ ಪಿಟ್, 'ಅದು ರಾಜದ್ರೋಹ ಕಣೋ!' ಅಂತ ಕೂಗುತ್ತಾನೆ. ಹೂಸಿಗೆ ಯಾವ ಸೆಕ್ಷನ್ ಹಾಕ್ತೀರಿ?

ಗಿಲ್‌ರೇ ಅರೆಸ್ಟ್ ಆಗಿದ್ದ ಅಂತಾರಲ್ಲ?

ಆಗಿದ್ದ, 1796ರ ಜನವರಿಯಲ್ಲಿ. ರಾಜಮನೆತನದಲ್ಲಿ ಮಗು ಹುಟ್ಟಿತ್ತು. ಏಸು ಹುಟ್ಟಿದಾಗ ಜ್ಞಾನಿಗಳು ಬಂದ ದೃಶ್ಯವನ್ನು ಅಣಕಿಸಿ, ವಿರೋಧ ಪಕ್ಷದ ನಾಯಕರು ಮಗುವಿನ ಕುಂಡೆಗೆ ಮುತ್ತಿಡುವ ಹಾಗೆ ಬರೆದ. ರಾಜಕೀಯ ಅಲ್ಲ, ಧರ್ಮನಿಂದೆ ಅನ್ನೋ ಕಾರಣಕ್ಕೆ ಸಿಕ್ಕಿಹಾಕಿಕೊಂಡ.

ಈಗ ಕಥೆಯ ಇನ್ನೊಂದು ಮಗ್ಗುಲು ನೋಡಿ. ಜಾರ್ಜ್ ಕ್ಯಾನಿಂಗ್ ಅನ್ನೋ ಯುವ ರಾಜಕಾರಣಿಗೆ ಗಿಲ್‌ರೇ ಚಿತ್ರದಲ್ಲಿ ತಾನು ಬರಬೇಕು ಅಂತ ಮಹದಾಸೆ. ಬಂದರೆ ದೊಡ್ಡ ಮನುಷ್ಯ ಆದ ಹಾಗೆ ಲೆಕ್ಕ. ಗೆಳೆಯರ ಮೂಲಕ ಹೇಳಿಸಿದ, ಕಾದ, ಮತ್ತೆ ಹೇಳಿಸಿದ. 1796ರ ಅಕ್ಟೋಬರಿನಲ್ಲಿ ಕೊನೆಗೂ ಬಂದ. ಫ್ರೆಂಚರು ಲಂಡನ್ನಿಗೆ ನುಗ್ಗಿದರೆ ಏನಾಗುತ್ತೆ ಅನ್ನೋ ಚಿತ್ರದಲ್ಲಿ, ಒಂದು ಮೂಲೆಯಲ್ಲಿ, ದೀಪದ ಕಂಬಕ್ಕೆ ನೇಣು ಬಿಗಿದುಕೊಂಡು ತೂಗಾಡುತ್ತಾ!

1797ರಿಂದ ಗಿಲ್‌ರೇಗೆ ಸರ್ಕಾರದಿಂದ ವರ್ಷಕ್ಕೆ 200 ಪೌಂಡ್ ಪಿಂಚಣಿ, ಗುಟ್ಟಾಗಿ. ಹಿಂದೆ ಇದ್ದವನು ಇದೇ ಕ್ಯಾನಿಂಗ್. 1801ರಲ್ಲಿ ಪಿಟ್ ಕುರ್ಚಿ ಬಿಟ್ಟಾಗ ಪಿಂಚಣಿಯೂ ನಿಂತಿತು.

ಹಾಗಾದರೆ ಅವನು ಮಾರಿಹೋದವನು ಅನ್ನಬೇಕಲ್ವಾ?

ಅನ್ನಿ, ತಪ್ಪಿಲ್ಲ. ಆದರೆ ಪಿಂಚಣಿ ಶುರುವಾದ ವರ್ಷದ್ದೇ ಒಂದು ಚಿತ್ರ ನೋಡಿ ಆಮೇಲೆ ಹೇಳಿ. 1797ರ ಫೆಬ್ರವರಿಯಲ್ಲಿ ಯುದ್ಧದ ಖರ್ಚಿಗೆ ಚಿನ್ನ ಸಾಲದೆ, ಬ್ಯಾಂಕ್ ಆಫ್ ಇಂಗ್ಲೆಂಡ್ ನೋಟಿಗೆ ಚಿನ್ನ ಕೊಡೋದನ್ನು ನಿಲ್ಲಿಸಿತು, ಬರೀ ಕಾಗದದ ನೋಟು ಹಂಚಿತು. ಮೇ ತಿಂಗಳಲ್ಲಿ ಗಿಲ್‌ರೇ ಚಿತ್ರ ಬಂತು. ಬ್ಯಾಂಕು ಒಬ್ಬಳು ಮುದುಕಿ. ಅವಳ ಬಟ್ಟೆಯೆಲ್ಲ ಒಂದು ಪೌಂಡಿನ ನೋಟುಗಳಿಂದ ಹೊಲಿದದ್ದು. ಚಿನ್ನದ ಪೆಟ್ಟಿಗೆಗೆ ಬೀಗ ಹಾಕಿ ಅದರ ಮೇಲೆ ಕೂತಿದ್ದಾಳೆ. ಕಡ್ಡಿಯಂಥ ಪಿಟ್ ಪ್ರೀತಿ ನಟಿಸುತ್ತಾ ಮೈಮೇಲೆ ಬಿದ್ದು ಮುತ್ತಿಡೋಕೆ ಹೋಗುತ್ತಾನೆ, ಕೈ ಮಾತ್ರ ಅವಳ ಜೇಬಿನೊಳಗೆ. ಮುದುಕಿ ಬಾಯಿ ಬಡಿದುಕೊಳ್ಳುತ್ತಾಳೆ. ಬ್ಯಾಂಕ್ ಆಫ್ ಇಂಗ್ಲೆಂಡನ್ನು 'ಥ್ರೆಡ್‌ನೀಡಲ್ ಬೀದಿಯ ಅಜ್ಜಿ' ಅಂತ ಇವತ್ತಿಗೂ ಕರೆಯುತ್ತಾರಲ್ಲ, ಆ ಹೆಸರು ನಿಂತದ್ದು ಈ ಚಿತ್ರದಿಂದ.

ಇವರನ್ನು ಸತ್ಯಕ್ಕಾಗಿ ಹೋರಾಡಿದ ವೀರರು ಅಂದುಕೊಂಡರೆ ನಿರಾಸೆ ಆಗುತ್ತೆ. ಇದೊಂದು ಅಂಗಡಿ. ಸಂಜೆಗೆ ಗಲ್ಲಾಪೆಟ್ಟಿಗೆ ತುಂಬಬೇಕು. ಎಡಗಡೆಯ ಗಿರಾಕಿಗೂ ಬಲಗಡೆಯ ಗಿರಾಕಿಗೂ ಸರಕು ಇರಬೇಕು. ಪಿಟ್‌ನನ್ನು ಬೈದ ಚಿತ್ರದ ಪಕ್ಕದ ಗಾಜಿನಲ್ಲೇ ಅವನ ಎದುರಾಳಿ ಫಾಕ್ಸನನ್ನು ಬೈದದ್ದು. ಸಂತೆಯಲ್ಲಿ ಎಲ್ಲರ ಮಾತೂ ಮಾರಾಟಕ್ಕೆ ಇದ್ದಾಗ ಯಾರ ಮಾನವೂ ಪೂರ್ತಿ ಭದ್ರವಾಗಿರಲ್ಲ, ಇಲ್ಲಿ ಆದದ್ದು ಅದು.

ಈ ಫಾಕ್ಸ್, ಪಿಟ್, ಬರ್ಕ್ ಯಾರು ಯಾರು ಅಂತ ಗುರುತಿಸೋದು ಹೇಗೆ?

ಸುಲಭ. ಚಾರ್ಲ್ಸ್ ಜೇಮ್ಸ್ ಫಾಕ್ಸ್: ಕಂಬಳಿಹುಳದಂಥ ಹುಬ್ಬು, ಬೋಳಿಸದ ಗಡ್ಡ, ಗುಡಾಣದ ಹೊಟ್ಟೆ. ವಿಲಿಯಂ ಪಿಟ್: ಊದುಬತ್ತಿ. ಚೂಪು ಮೂಗು ಮೇಲಕ್ಕೆ. 24ನೇ ವಯಸ್ಸಿಗೇ ಪ್ರಧಾನಿ ಆದವನು. ಪಾರ್ಲಿಮೆಂಟಿನ ಹೆಸರಾಂತ ಮಾತುಗಾರ ಎಡ್ಮಂಡ್ ಬರ್ಕ್: ಉದ್ದ ಮೂಗು, ಅದರ ಮೇಲೆ ಕನ್ನಡಕ. 1790ರ ಒಂದು ಚಿತ್ರದಲ್ಲಿ ಗಿಲ್‌ರೇ ಬರ್ಕ್‌ನ ದೇಹವನ್ನೇ ಬರೆದಿಲ್ಲ, ಹೊಗೆಯೊಳಗಿಂದ ದೈತ್ಯ ಮೂಗು, ಕನ್ನಡಕ, ಎರಡು ಕೈ ಮಾತ್ರ ಹೊರಗೆ ಬರುತ್ತವೆ.

ಚಿತ್ರದಿಂದ ಸರ್ಕಾರ ಬಿದ್ದದ್ದುಂಟಾ?

ಬೀಳುವ ಸರ್ಕಾರಕ್ಕೆ ಕೈ ಕೊಟ್ಟು ನೂಕಿದ್ದುಂಟು. 1783ರಲ್ಲಿ ಫಾಕ್ಸ್ ಈಸ್ಟ್ ಇಂಡಿಯಾ ಕಂಪನಿಯ ಆಡಳಿತವನ್ನು ತನ್ನವರೇ ತುಂಬಿದ ಮಂಡಳಿಗೆ ಕೊಡುವ ಮಸೂದೆ ತಂದ. ಡಿಸೆಂಬರ್ 5ರಂದು ಜೇಮ್ಸ್ ಸೇಯರ್ಸ್ ಒಂದು ಚಿತ್ರ ಬಿಟ್ಟ. ಫಾಕ್ಸ್ 'ಕಾರ್ಲೋ ಖಾನ್' ಆಗಿ, ನಮ್ಮ ಕಡೆಯ ನವಾಬರ ವೇಷದಲ್ಲಿ, ಆನೆ ಹತ್ತಿ ಕಂಪನಿಯ ಕಚೇರಿಗೆ ಮೆರವಣಿಗೆ ಬರುತ್ತಿದ್ದಾನೆ. ಆನೆಯ ಮುಖ ಅವನ ಜೊತೆಗಾರ ಲಾರ್ಡ್ ನಾರ್ತ್‌ನದು. ಮುಂದೆ ಬರ್ಕ್ ಕಹಳೆ ಊದುತ್ತಾನೆ. ಎರಡು ವಾರ ಕಳೆಯುವುದರೊಳಗೆ ಮಸೂದೆಯೂ ಹೋಯಿತು, ಸರ್ಕಾರವೂ ಹೋಯಿತು. ಬೀಳಿಸಿದ್ದು ರಾಜ ಮತ್ತು ಮೇಲ್ಮನೆ, ಚಿತ್ರವಲ್ಲ. ಆದರೂ ಪಾರ್ಲಿಮೆಂಟಿನ ಚರ್ಚೆಗಿಂತ ಸೇಯರ್ಸನ ಚಿತ್ರಗಳೇ ನನಗೆ ಜಾಸ್ತಿ ಪೆಟ್ಟು ಕೊಟ್ಟವು ಅಂತ ಫಾಕ್ಸ್ ಹೇಳಿದ ಅಂತ ಪ್ರತೀತಿ. ಗೆದ್ದ ಪಿಟ್ ಸೇಯರ್ಸ್‌ಗೆ ಒಂದು ಸರ್ಕಾರಿ ಹುದ್ದೆ ಕೊಟ್ಟ. ಅರ್ಥ ಆಯ್ತಲ್ಲ?

ಚುನಾವಣೆಗಳಲ್ಲಿ?

ಸುರಿಮಳೆ. 1784ರ ವೆಸ್ಟ್‌ಮಿನ್‌ಸ್ಟರ್ ಕ್ಷೇತ್ರದ ಚುನಾವಣೆಯ ಮತದಾನ 40 ದಿನ ನಡೆಯಿತು, ಅಲ್ಲಿ ಫಾಕ್ಸ್ ಅಭ್ಯರ್ಥಿ. ಡೆವನ್‌ಶೈರಿನ ಡಚೆಸ್ ಜಾರ್ಜಿಯಾನಾ ಫಾಕ್ಸ್ ಪರವಾಗಿ ಬೀದಿಗಿಳಿದು ಮತ ಕೇಳಿದಳು. ಒಬ್ಬ ಕಟುಕನಿಗೆ ಮುತ್ತು ಕೊಟ್ಟು ಮತ ಪಡೆದಳು ಅಂತ ಸುದ್ದಿ ಹಬ್ಬಿಸಿದರು. ರೋಲ್ಯಾಂಡ್‌ಸನ್ ಕೂಡ ಬರೆದ, ಉಳಿದವರು ಇನ್ನೂ ಹೊಲಸಾಗಿ ಬರೆದರು. ಫಾಕ್ಸ್ ಗೆದ್ದ. ಅವಳಿಗೆ ಸಿಕ್ಕಿದ್ದು ಚಿತ್ರಗಳು. ಮತ ಹಾಕುವ ಹಕ್ಕೇ ಇಲ್ಲದ ಹೆಂಗಸು ಮತ ಕೇಳಿದ್ದೇ ಅವರಿಗೆ ತಡೆಯಲಾಗಲಿಲ್ಲ. ಇವುಗಳನ್ನು ನೋಡಿ ನನಗೆ ನಗು ಬರಲ್ಲ.

ಭಾರತದ ಬಗ್ಗೆ ಚಿತ್ರಗಳಿವೆಯಾ?

ರಾಶಿ ಇವೆ. ಕಂಪನಿಯಲ್ಲಿ ದುಡ್ಡು ಬಾಚಿಕೊಂಡು ಊರಿಗೆ ಮರಳಿದ 'ನಬಾಬ'ರು ಅವರ ಖಾಯಂ ಗಿರಾಕಿ. ಆರ್ಕಾಟಿನ ನವಾಬನಿಗೆ ಸಾಲ ಕೊಟ್ಟು ಕೊಬ್ಬಿದ ಪಾಲ್ ಬೆನ್‌ಫೀಲ್ಡ್‌ನನ್ನು ಗಿಲ್‌ರೇ 1797ರಲ್ಲಿ 'ಕೌಂಟ್ ರುಪೀ' ಅಂತ ಕುದುರೆ ಮೇಲೆ ಕೂರಿಸಿದ. ಭಾರತದಲ್ಲಿ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್ ಮೇಲೆ ಪಾರ್ಲಿಮೆಂಟಿನಲ್ಲಿ ವಿಚಾರಣೆ ಶುರುವಾದ 1788ರಲ್ಲಿ ಬರೆದದ್ದು ನೋಡಿದರೆ ಹೊಟ್ಟೆಯಲ್ಲಿ ಏನೋ ಆಗುತ್ತೆ. ರಕ್ತದ ಸಮುದ್ರ, ಅದರಲ್ಲಿ ತೇಲುವ ಭಾರತೀಯರ ಹೆಣಗಳು. ನಡುವೆ ಮೇಲ್ಮನೆಯ ಅಧ್ಯಕ್ಷತೆ ವಹಿಸುತ್ತಿದ್ದ ಲಾರ್ಡ್ ಚಾನ್ಸಲರ್ ಥರ್ಲೋ ನಡೆದು ದಾಟುತ್ತಿದ್ದಾನೆ, ಅವನ ಹೆಗಲೇರಿ ಹೇಸ್ಟಿಂಗ್ಸ್ ಮೈಗೆ ಹನಿ ತಾಗದ ಹಾಗೆ ಆಚೆ ದಡಕ್ಕೆ ಹೋಗುತ್ತಿದ್ದಾನೆ. ಅದೇ ಗಿಲ್‌ರೇ ಎರಡು ವರ್ಷದ ಹಿಂದೆ ಹೇಸ್ಟಿಂಗ್ಸನನ್ನು 'ಭಾರತದ ರಕ್ಷಕ' ಅಂತ ಬರೆದಿದ್ದ. ಅಂಗಡಿ ಅಂದೆನಲ್ಲ.

ಶ್ರೀರಂಗಪಟ್ಟಣದ ಚಿತ್ರ ಯಾವುದು?

ನಮ್ಮವರಿಗೆ ತೋರಿಸಲು ನನಗೆ ಬಹಳ ಇಷ್ಟವಾದ ಗಿಲ್‌ರೇ ಚಿತ್ರ. 1791ರ ಡಿಸೆಂಬರ್ 6ರ ತಾರೀಖು. ಹೆಸರಿನ ಅರ್ಥ, 'ಮುಂಗಾರು ಬಂತು, ಅಥವಾ ಶ್ರೀರಂಗಪಟ್ಟಣದಿಂದ ಪಲಾಯನ'. ಕೋಟೆ ಗೋಡೆಯ ಮೇಲೆ ಟಿಪ್ಪು ನಿಂತು ಕೆಳಗೆ ಉಚ್ಚೆ ಹೊಯ್ಯುತ್ತಿದ್ದಾನೆ. ಅದೇ ಮುಂಗಾರು! ಕೆಳಗೆ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಸೈನ್ಯ ಸಮೇತ ಬಿದ್ದಂಬೀಳ ಓಡುತ್ತಿದ್ದಾನೆ.

ನಡೆದದ್ದು ಏನು? ಕಾರ್ನ್‌ವಾಲಿಸ್ ಆ ವರ್ಷ ಮಾರ್ಚಿನಲ್ಲಿ ಬೆಂಗಳೂರು ಕೋಟೆ ಹಿಡಿದು, ಮೇ 15ರಂದು ಅರಕೆರೆ ಹತ್ತಿರ ಟಿಪ್ಪುವಿನ ಸೈನ್ಯವನ್ನು ಸೋಲಿಸಿದ. ಶ್ರೀರಂಗಪಟ್ಟಣ ಕಣ್ಣೆದುರಿಗೆ ಇತ್ತು. ಅಷ್ಟರಲ್ಲಿ ಮಳೆ. ಎತ್ತುಗಳು ಸಾವಿರಗಟ್ಟಲೆ ಸತ್ತವು, ಅಕ್ಕಿ ಮುಗಿಯಿತು, ಸೈನ್ಯದಲ್ಲಿ ಸಿಡುಬು. ಎಳೆಯಲು ಎತ್ತಿಲ್ಲದೆ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ಬೆಂಗಳೂರ ದಾರಿ ಹಿಡಿದ. ದಾರಿಯಲ್ಲಿ ಮರಾಠರು ದವಸ ಹೊತ್ತು ಎದುರಾದರು. ನಾಲ್ಕು ದಿನ ಮೊದಲು ಬಂದಿದ್ದರೆ?

ಸುದ್ದಿ ಹಡಗಿನಲ್ಲಿ ಆಫ್ರಿಕಾ ಸುತ್ತಿ ಲಂಡನ್ ಮುಟ್ಟಲು ತಿಂಗಳುಗಳು ಬೇಕು. ಅದಕ್ಕೇ ಮೇ ತಿಂಗಳ ಮಳೆಗೆ ಡಿಸೆಂಬರಿನಲ್ಲಿ ನಗು. ಲಂಡನ್ನಿನ ಜನ ಕಿಟಕಿ ಮುಂದೆ ನಗುತ್ತಿದ್ದ ಹೊತ್ತಿಗೆ ಇಲ್ಲಿ ಕಾರ್ನ್‌ವಾಲಿಸ್ ಮತ್ತೆ ಹೊರಡಲು ಸಿದ್ಧತೆ ಮಾಡುತ್ತಿದ್ದ. 1792ರ ಫೆಬ್ರವರಿಯಲ್ಲಿ ಕೋಟೆಗೆ ಮುತ್ತಿಗೆ, ಮಾರ್ಚಿನಲ್ಲಿ ಒಪ್ಪಂದ. ಟಿಪ್ಪು ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಇಬ್ಬರು ಮಕ್ಕಳನ್ನು ಒತ್ತೆ ಕೊಟ್ಟ. ಆ ಮಕ್ಕಳನ್ನು ಕಾರ್ನ್‌ವಾಲಿಸ್ ಬರಮಾಡಿಕೊಳ್ಳುವ ಗಂಭೀರ ತೈಲಚಿತ್ರಗಳು ಲಂಡನ್ನಿನಲ್ಲಿ ಸಾಲು ಸಾಲಾಗಿ ಬಂದವು. ಉಚ್ಚೆಯ ಚಿತ್ರ ಹಳೆಯದಾಯಿತು.

ಒಮ್ಮೆ ಪಟ್ಟಣಕ್ಕೆ ಹೋದಾಗ ಕೋಟೆ ಗೋಡೆ ಹತ್ತಿರ ನಿಂತು ಮೊಬೈಲಿನಲ್ಲಿ ಈ ಚಿತ್ರ ತೆಗೆದು ಹೋಲಿಸಿ ನೋಡಿದೆ. ಏನೇನೂ ಹೊಂದಲ್ಲ. ಗಿಲ್‌ರೇ ಭಾರತಕ್ಕೆ ಬಂದವನೇ ಅಲ್ಲ, ಕಾವೇರಿ ನೋಡಿದವನಲ್ಲ, ಟಿಪ್ಪುವಿನ ಮುಖವೂ ಗೊತ್ತಿಲ್ಲ.

ಅಂದರೆ ಗಿಲ್‌ರೇ ಟಿಪ್ಪು ಪರವಾಗಿದ್ದನಾ?

ಖಂಡಿತ ಇಲ್ಲ. ಟಿಪ್ಪು ಇಲ್ಲಿ ಕಾರ್ನ್‌ವಾಲಿಸನಿಗೆ ಹೊಡೆಯಲು ಸಿಕ್ಕ ಕೋಲು. ಹತ್ತು ವರ್ಷದ ಹಿಂದೆ ಅಮೆರಿಕದ ಯಾರ್ಕ್‌ಟೌನಿನಲ್ಲಿ ಶರಣಾದ ಜನರಲ್, ಈಗ ಇಲ್ಲೂ ಓಡಿಬಂದ ಅನ್ನೋದು ಅವರ ಮಜಾ. ಹೇಸ್ಟಿಂಗ್ಸ್ ಚಿತ್ರದ ಹೆಣಗಳೂ ಅಷ್ಟೆ. ಆ ಹೆಣಗಳಿಗೆ ಒಂದು ಹೆಸರಿಲ್ಲ.

ಇವುಗಳಲ್ಲಿ ಜನಾಂಗದ್ವೇಷ ಜಾಸ್ತಿ ಅಲ್ವಾ?

ಜಾಸ್ತಿಯೇ. ಆಫ್ರಿಕನ್ನರು, ಯಹೂದಿಗಳು, ಐರಿಷರು, ಚೀನಿಯರು, ಎಲ್ಲರಿಗೂ ಒಂದೊಂದು ಅಚ್ಚು ಮಾಡಿಟ್ಟಿದ್ದರು. ಫ್ರೆಂಚರ ಮೇಲಂತೂ ಹಬ್ಬ. 1792ರಲ್ಲಿ ಪ್ಯಾರಿಸ್ಸಿನ ಕ್ರಾಂತಿಕಾರರು ಮನುಷ್ಯರ ಮಾಂಸ ತಿನ್ನುತ್ತಾ ಊಟಕ್ಕೆ ಕೂತ ಹಾಗೆ ಗಿಲ್‌ರೇ ಬರೆದ. ಅವರನ್ನು 'ಸಾನ್ ಕ್ಯುಲಾಟ್' ಅನ್ನುತ್ತಿದ್ದರು, ಮೇಲ್ವರ್ಗದವರ ಮೊಣಕಾಲುದ್ದದ ಚಡ್ಡಿ ತೊಡದೆ ಉದ್ದ ಪ್ಯಾಂಟ್ ಹಾಕುವವರು ಅಂತ. ಗಿಲ್‌ರೇ ಪದವನ್ನು ಹಾಗೇ ಹಿಡಿದುಕೊಂಡು, ಚಡ್ಡಿಯೇ ಇಲ್ಲದೆ ಬರಿಕುಂಡೆಯಲ್ಲಿ ಕೂರಿಸಿಬಿಟ್ಟ.

ನೆಪೋಲಿಯನ್ ಕುಳ್ಳ ಅನ್ನೋದು ಇವರ ಕಿತಾಪತಿಯಾ?

ಬಹುಮಟ್ಟಿಗೆ ಹೌದು. ಅವನ ಎತ್ತರ ಸುಮಾರು 168 ಸೆಂಟಿಮೀಟರ್, ಆ ಕಾಲಕ್ಕೆ ಸಾಧಾರಣ ಎತ್ತರವೇ. ಫ್ರೆಂಚ್ ಅಳತೆಯಲ್ಲಿ 5 ಅಡಿ 2 ಇಂಚು. ಅವರ ಇಂಚು ದೊಡ್ಡದು, ಇಂಗ್ಲಿಷ್ ಇಂಚು ಅಂತ ಓದಿಕೊಂಡರೆ ಕುಳ್ಳ ಅನ್ನಿಸುತ್ತೆ. ಅದಕ್ಕೆ ಗಿಲ್‌ರೇಯ 'ಪುಟಾಣಿ ಬೋನಿ' (ಬೋನಪಾರ್ಟೆಗೆ ಇಟ್ಟ ಅಡ್ಡಹೆಸರು) ಸೇರಿತು. ದೊಡ್ಡ ಟೋಪಿ, ದೊಡ್ಡ ಬೂಟು, ನಡುವೆ ಹಟಮಾರಿ ಮಗು.

1805ರ ಫೆಬ್ರವರಿ 26ರ ಪ್ಲಮ್ ಪುಡಿಂಗ್ ಚಿತ್ರ ಎಲ್ಲರಿಗೂ ಗೊತ್ತಿರೋದು. ಮೇಜಿನ ಮೇಲೆ ಭೂಮಿಯೇ ಹಬೆಯಾಡುವ ಪುಡಿಂಗ್. ನೆಪೋಲಿಯನ್ ಕುರ್ಚಿಯಿಂದ ಅರ್ಧ ಎದ್ದು ಕತ್ತಿಯಿಂದ ಯುರೋಪನ್ನು ಕೊಯ್ಯುತ್ತಿದ್ದಾನೆ. ಎದುರಿಗೆ ಪಿಟ್ ತ್ರಿಶೂಲದಂಥ ಫೋರ್ಕ್ ಚುಚ್ಚಿ, ನಿಧಾನವಾಗಿ ಸಮುದ್ರವನ್ನೇ ಕತ್ತರಿಸಿಕೊಳ್ಳುತ್ತಿದ್ದಾನೆ. ದೊಡ್ಡ ತುಂಡು ಯಾರದ್ದು ಅಂತ ನೋಡಿ.

ಗಿಲ್‌ರೇ ಕೊನೆಗೆ ಏನಾದ?

ಕಣ್ಣು ಹೋಯಿತು. ಆಸಿಡ್ ಹೊಗೆ, ಮೇಣದಬತ್ತಿ ಬೆಳಕು, ಕೂದಲೆಳೆಯಂಥ ಗೆರೆ, ಹೋಗದೆ ಏನು? 1810ರ ಹೊತ್ತಿಗೆ ಬುದ್ಧಿಯೂ ಕೆಟ್ಟಿತು. 1811ರಲ್ಲಿ ಅಂಗಡಿ ಮಹಡಿಯ ಕಿಟಕಿಯಿಂದ ಹಾರಲು ನೋಡಿದ. ಹನ್ನಾ ಹಂಫ್ರಿ ಕೊನೆತನಕ ನೋಡಿಕೊಂಡಳು. 1815ರ ಜೂನ್ 1ರಂದು ತೀರಿಕೊಂಡ. ವಾಟರ್ಲೂ ಯುದ್ಧಕ್ಕೆ ಇನ್ನೂ ಹದಿನೇಳು ದಿನ ಇತ್ತು.

ಆಮೇಲೆ ಈ ಚಿತ್ರಗಳು ಯಾಕೆ ನಿಂತುಹೋದವು?

ಜನರ ರುಚಿ ಬದಲಾಯಿತು, ಕಲ್ಲಚ್ಚು ಬಂತು, ಪತ್ರಿಕೆಗಳಲ್ಲೇ ಚಿತ್ರ ಬರತೊಡಗಿತು. ದುಡ್ಡು ಕೊಟ್ಟು ಬಾಯಿ ಮುಚ್ಚಿಸಿದ್ದೂ ಉಂಟು. ರಾಜಕುಮಾರನಾಗಿ ಚಿತ್ರ ಕೊಳ್ಳುತ್ತಿದ್ದವನು 4ನೇ ಜಾರ್ಜ್ ರಾಜನಾದ ಮೇಲೆ, 1820ರಲ್ಲಿ, ಐಸಾಕನ ಮಗ ಜಾರ್ಜ್ ಕ್ರೂಕ್‌ಶ್ಯಾಂಕ್‌ಗೆ 100 ಪೌಂಡ್ ಸಂದಾಯ ಆಯಿತು. ಮಹಾರಾಜರನ್ನು ಅನೈತಿಕ ಸನ್ನಿವೇಶದಲ್ಲಿ ಬರೆಯೋದಿಲ್ಲ ಅಂತ ಮುಚ್ಚಳಿಕೆಗೆ. ನೈತಿಕ ಸನ್ನಿವೇಶದಲ್ಲಿ ಬರೆಯಲು ಅಡ್ಡಿಯಿರಲಿಲ್ಲ, ಸಿಗಬೇಕಿತ್ತಷ್ಟೆ.

ಈಗ ಎಲ್ಲಿ ನೋಡಬಹುದು?

ಕೂತಲ್ಲೇ. ಬ್ರಿಟಿಷ್ ಮ್ಯೂಸಿಯಮ್ಮಿನ ವೆಬ್‌ಸೈಟಿನಲ್ಲಿ ಸಾವಿರಾರು ಇವೆ, ದೊಡ್ಡದು ಮಾಡಿ ನೋಡಬಹುದು. ಡೊರೊತಿ ಜಾರ್ಜ್ ಅನ್ನೋ ಇತಿಹಾಸಕಾರ್ತಿ ವರ್ಷಗಟ್ಟಲೆ ಕೂತು ಒಂದೊಂದು ಚಿತ್ರದಲ್ಲಿ ಯಾರಿದ್ದಾರೆ, ಯಾವ ಜಗಳ ಅಂತ ಬರೆದ ವಿವರಣೆ ಅಲ್ಲೇ ಸಿಗುತ್ತೆ. ಅದಿಲ್ಲದೆ ನಮಗೆ ಅರ್ಧಕ್ಕರ್ಧ ತಲೆಬುಡ ಅರ್ಥ ಆಗಲ್ಲ. ಇನ್ನೊಂದು ದೊಡ್ಡ ರಾಶಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿದೆ. ವಿಂಡ್ಸರ್ ಅರಮನೆಯಿಂದ 1921ರಲ್ಲಿ ಕೊಂಡದ್ದು.

ಪುರಸೊತ್ತಿಲ್ಲ, ಒಂದೇ ಒಂದು ಹೇಳಿ.

ಒಂದಲ್ಲ, ಒಂದು ಜೋಡಿ. 1792ರ ಜುಲೈ, ಅಪ್ಪ ಮಗ. ಮೊದಲು ಮಗ: ವೇಲ್ಸ್ ರಾಜಕುಮಾರ ಊಟ ಮುಗಿಸಿ ಕುರ್ಚಿಯಲ್ಲಿ ಒರಗಿದ್ದಾನೆ. ಹೊಟ್ಟೆ ತಡೆಯಲಾರದೆ ವಾಸ್ಕೋಟು ಒಂದೇ ಗುಂಡಿಯ ಮೇಲೆ ನಿಂತಿದೆ. ಫೋರ್ಕಿನಿಂದ ಹಲ್ಲು ಚುಚ್ಚಿಕೊಳ್ಳುತ್ತಿದ್ದಾನೆ. ಹಿಂದೆ ತುಂಬಿ ತುಳುಕುವ ಉಚ್ಚೆಪಾತ್ರೆ, ಅದರಡಿ ಹಾರಿಹೋಗದ ಹಾಗೆ ಒತ್ತಿಟ್ಟ ಕಾಗದಗಳು. ದೊಡ್ಡದು ಮಾಡಿ ಓದಿದರೆ ಗೊತ್ತಾಗುತ್ತೆ, ತೀರಿಸದ ಅಂಗಡಿ ಬಾಕಿಗಳು. ಆಮೇಲೆ ಅಪ್ಪ: 3ನೇ ಜಾರ್ಜ್, ತೇಪೆ ಹಾಕಿದ ಚಡ್ಡಿ, ಕುರ್ಚಿ ಸವೆದೀತು ಅಂತ ಅದಕ್ಕೊಂದು ಮುಸುಕು, ಚಳಿಯಲ್ಲೂ ಬೆಂಕಿ ಹಚ್ಚದ ಒಲೆಗೂಡು. ಇಡೀ ಸಾಮ್ರಾಜ್ಯದ ಒಡೆಯ ಬಗ್ಗಿ ಕೂತು ತಿನ್ನುತ್ತಿರುವುದು ಒಂದು ಬೇಯಿಸಿದ ಮೊಟ್ಟೆ. ಬಟ್ಟೆ ಕೊಳೆಯಾಗದಿರಲಿ ಅಂತ ಮೇಜಿನ ಹಾಸಿನ ತುದಿಯನ್ನೇ ಎಳೆದು ಕುತ್ತಿಗೆಗೆ ಸಿಕ್ಕಿಸಿಕೊಂಡಿದ್ದಾನೆ.